ಲಿಂಡನ್ ಮರದಡಿಯ ಕನ್ಯಾಮಠ

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ರೈನ್ ನದಿಗೆ ಅನತಿದೂರದಲ್ಲಿ, ದ್ರಾಕ್ಷಿಯ ತೋಟಗಳ ನಡುವೆ ಕೊಲ್ಮಾರ್ ಎಂಬ ಊರಿದೆ. ಮಹಾನಗರವೇನೂ ಅಲ್ಲ. ಆದರೂ ಅಲ್ಲಿಯ ಹಳೆಯ ಕನ್ಯಾಮಠದ ಚರ್ಚನ್ನು ಅರಸಿಕೊಂಡು ದೂರದೂರದ ಕಲಾಪ್ರೇಮಿಗಳು ಬರುತ್ತಾರೆ. ಸೋಜಿಗವೆಂದರೆ, ಅವರು ಕಾಣಬಂದ ಚಿತ್ರ ಆ ಚರ್ಚಿಗೆಂದು ರಚಿತವಾದುದಲ್ಲ. ಚರ್ಚಿನಲ್ಲಿ ಈಗ ಪೂಜೆಯೂ ನಡೆಯುವುದಿಲ್ಲ.

ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಆಗ್ನೆಸ್ ಎಂಬ ಒಂದೇ ಹೆಸರಿನ ಇಬ್ಬರು ವಿಧವೆಯರು ಈ ಮಠವನ್ನು ಸ್ಥಾಪಿಸಿದರು. ‘ಉಂಟರ್‌ಲಿಂಡನ್’ ಎಂದರೆ ಲಿಂಡನ್ ಮರಗಳ ಅಡಿ ಎಂದರ್ಥ. ಮಠವು ಡೊಮಿನಿಕನ್ ಪಂಥಕ್ಕೆ ಸೇರಿತು. 1269ರಲ್ಲಿ ಚರ್ಚಿನ ಗರ್ಭಾಂಗಣವನ್ನು ಪ್ರತಿಷ್ಠಾಪಿಸಿದವನು ಮಹಾಪಂಡಿತನಾದ ಆಲ್ಬರ್ಟಸ್ ಮ್ಯಾಗ್ನಸ್; ಥಾಮಸ್ ಅಕ್ವಿನಾಸನ ಗುರು. ಹೊರಜಗತ್ತಿಗೆ ಮುಖ ತೋರದೆ ಜಪ, ಮೌನಗಳಲ್ಲಿ ಬಾಳಿದ ಆ ಸೋದರಿಯರ ಚರಿತ್ರೆಗಳನ್ನು ಮಠದವರೇ ಆದ ಕ್ಯಾಥರಿನ್ ಎಂಬವರು ಲ್ಯಾಟಿನ್ನಿನಲ್ಲಿ ಬರೆದಿಟ್ಟರು. ಹೆಣ್ಣುಮಕ್ಕಳ ಬದುಕನ್ನು ಹೆಣ್ಣೊಬ್ಬಳೇ ದಾಖಲಿಸುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಫ್ರೆಂಚ್ ಮಹಾಕ್ರಾಂತಿಯ ಬಿರುಗಾಳಿಯಲ್ಲಿ, 1792ರಲ್ಲಿ, ಮಠ ಮುಚ್ಚಿತು. ಜಪದ ದನಿ ಕೇಳುತ್ತಿದ್ದ ಅಂಗಳಕ್ಕೆ ಸೈನಿಕರು ಬಂದರು. ಮುಂದೆ ಕಟ್ಟಡವನ್ನು ಕೆಡವುವ ಮಾತೂ ಹುಟ್ಟಿತು. ಆಗ ಅಡ್ಡ ನಿಂತವನು ಊರಿನ ಗ್ರಂಥಪಾಲಕ ಲೂಯಿ ಯೂಗೊ. 1847ರಲ್ಲಿ ಅವನು ಸಮಾನಮನಸ್ಕರನ್ನು ಕೂಡಿಸಿ, ಕೊಲ್ಮಾರಿನ ಹೆಮ್ಮೆಯ ಪುತ್ರನಾದ ಚಿತ್ರಕಾರ ಮಾರ್ಟಿನ್ ಶೋನ್‌ಗೌವರನ ಹೆಸರಿನಲ್ಲಿ ಸಂಘವೊಂದನ್ನು ಕಟ್ಟಿದನು. ನೆರೆಯ ಬೆರ್ಗ್‌ಹೈಮಿನಲ್ಲಿ ರೋಮನರ ಕಾಲದ ಬಣ್ಣಗಲ್ಲಿನ ನೆಲಹಾಸೊಂದು ದೊರೆತಾಗ ಅದನ್ನಿರಿಸಲು ಈ ಚರ್ಚೇ ಒದಗಿತು. 1853ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಗ್ರಂಥಪಾಲಕರು ಪುಸ್ತಕಗಳ ಧೂಳು ಕೊಡವುವವರು ಮಾತ್ರವೆಂದು ತಿಳಿದವರು ಯೂಗೊನನ್ನು ನೆನೆಯಬೇಕು.

ಆ ಸಂಗ್ರಹಾಲಯದ ಮುಕುಟಮಣಿಯೇ ಈಸನ್‌ಹೈಮಿನ ಪೂಜಾವೇದಿಕೆಯ ಚಿತ್ರಫಲಕಗಳು. ಕೊಲ್ಮಾರಿಗೆ ದಕ್ಷಿಣದಲ್ಲಿರುವ ಈಸನ್‌ಹೈಮ್ ಗ್ರಾಮದಲ್ಲಿ ಸಂತ ಆಂಟನಿಯ ಹೆಸರಿನ ಮಠವಿದ್ದಿತು. ಅಲ್ಲಿಯ ಸಾಧುಗಳ ಮುಖ್ಯ ಕೈಂಕರ್ಯ ರೋಗಿಗಳ ಶುಶ್ರೂಷೆ. ಅಲ್ಲಿ ರೈ ಎಂಬುದು ಬಡವರ ಧಾನ್ಯ, ನಮ್ಮಲ್ಲಿ ರಾಗಿಯಿರುವಂತೆ. ಅದರ ತೆನೆಗೆ ಒಂದು ಬಗೆಯ ಕಪ್ಪು ಬೂಷ್ಟು ಹತ್ತಿದಾಗ ರೊಟ್ಟಿಯೇ ವಿಷವಾಗುತ್ತಿತ್ತು. ಕೈಕಾಲುಗಳು ಬೆಂಕಿಯಿಟ್ಟಂತೆ ಉರಿದು, ಕರಿದಾಗಿ, ಕಡೆಗೆ ಕಳಚಿ ಬೀಳುತ್ತಿದ್ದವು. ಜನ ಅದನ್ನು ‘ಸಂತ ಆಂಟನಿಯ ಬೆಂಕಿ’ ಎಂದರು. ಕಾರಣ ಯಾರಿಗೂ ತಿಳಿಯದು. ಸಾಧುಗಳು ಒಳ್ಳೆಯ ರೊಟ್ಟಿ ಕೊಟ್ಟರು, ಮುಲಾಮು ಹಚ್ಚಿದರು, ಕೊಳೆತ ಅಂಗವನ್ನು ಕತ್ತರಿಸಿದರು. ಆ ರೊಟ್ಟಿಯೇ ಅರ್ಧ ಔಷಧವಾಗಿದ್ದೀತು.

ಇಂಥವರ ಕಣ್ಣೆದುರಿಗೆಂದು 1512ರಿಂದ 1516ರ ಅವಧಿಯಲ್ಲಿ ಗ್ರ್ಯೂನೆವಾಲ್ಡ್ ಈ ಫಲಕಗಳನ್ನು ಬರೆದನು. ಒಳಗಿನ ಮರದ ವಿಗ್ರಹಗಳು ನಿಕೊಲಾಸ್ ಹಾಗೆನೌವನ ಕೆತ್ತನೆ. ಬಾಗಿಲು ಮುಚ್ಚಿದ್ದಾಗ ಕಾಣುವುದು ಶಿಲುಬೆಗೇರಿದ ಕ್ರಿಸ್ತ. ಆ ದೇಹ ಸುಂದರವಲ್ಲ. ಮೈಯೆಲ್ಲ ಗಾಯ, ಮುಳ್ಳು, ಹಸಿರುಗಟ್ಟಿದ ಚರ್ಮ, ಸೆಟೆದ ಬೆರಳು. ಹಾಸಿಗೆಯಿಂದ ಎತ್ತಿ ತಂದ ರೋಗಿಗೆ ಅದು ತನ್ನದೇ ಮೈಯಾಗಿ ಕಂಡಿರಬೇಕು. ಹಬ್ಬದ ದಿನಗಳಲ್ಲಿ ಬಾಗಿಲು ತೆರೆದರೆ ಒಳಗೆ ದೇವದೂತರ ವಾದ್ಯಗೋಷ್ಠಿ, ಬೆಳಕಿನ ಚಕ್ರದಲ್ಲಿ ಮೇಲೇಳುವ ಕ್ರಿಸ್ತ. ಆ ಮೈಯಲ್ಲಿ ಹುಣ್ಣುಗಳಿಲ್ಲ. ಮತ್ತೊಂದು ಫಲಕದ ಮೂಲೆಯಲ್ಲಿ ಹೊಟ್ಟೆಯುಬ್ಬಿ ಹುಣ್ಣೆದ್ದ ವ್ಯಕ್ತಿಯೊಬ್ಬ ಒರಗಿದ್ದಾನೆ.

ಕ್ರಾಂತಿಯ ಕಾಲದಲ್ಲಿ ಈಸನ್‌ಹೈಮಿನಿಂದ ಕೊಲ್ಮಾರಿಗೆ ಸಾಗಿಸಲ್ಪಟ್ಟು ಉಳಿದುಕೊಂಡ ಈ ಫಲಕಗಳಿಗೆ ಉಂಟರ್‌ಲಿಂಡನ್ ಆಶ್ರಯವಾಯಿತು. 1871ರಲ್ಲಿ ಊರು ಜರ್ಮನಿಯ ಕೈಸೇರಿತು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ರಕ್ಷಣೆಗೆಂದು ಅವನ್ನು ಮ್ಯೂನಿಕ್ಕಿಗೆ ಒಯ್ದರು. ಅಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದರು; ಯುದ್ಧದಿಂದ ಜರ್ಜರಿತವಾದ ನಾಡಿಗೆ ಆ ಗಾಯಗಳ ಭಾಷೆ ಅರ್ಥವಾಗದಿರುವುದುಂಟೆ? 1919ರಲ್ಲಿ ಅವು ಹಿಂತಿರುಗಿದಾಗ ಕೊಲ್ಮಾರ್ ಮತ್ತೆ ಫ್ರಾನ್ಸಿನದಾಗಿತ್ತು. ಎರಡನೆಯ ಮಹಾಯುದ್ಧದಲ್ಲಿಯೂ ಅವುಗಳಿಗೆ ಅಲೆದಾಟ ತಪ್ಪಲಿಲ್ಲ.

ದೀರ್ಘಕಾಲದ ಜೀರ್ಣೋದ್ಧಾರ 2022ರಲ್ಲಿ ಮುಗಿದು ಬಣ್ಣಗಳು ನಿಚ್ಚಳವಾಗಿವೆ. ಫಲಕಗಳನ್ನು ಬಿಡಿಸಿ ಬೇರೆಬೇರೆಯಾಗಿ ನಿಲ್ಲಿಸಿರುವುದರಿಂದ, ಈಸನ್‌ಹೈಮಿನ ರೋಗಿ ಹಬ್ಬದವರೆಗೆ ಕಾದು ನೋಡುತ್ತಿದ್ದುದನ್ನು ಇಂದಿನ ಪ್ರವಾಸಿ ನಾಲ್ಕು ಹೆಜ್ಜೆ ಸುತ್ತಿಬಂದು ನೋಡುತ್ತಾನೆ.