ಎಂಜಿನ್ನಿನ ಉಸಿರುಗೊಳವೆ

ಹುಣಸೂರು ರಸ್ತೆಯೂ ವರ್ತುಲ ರಸ್ತೆಯೂ ಕೂಡುವ ಮೈಸೂರಿನ ಹಿನಕಲ್‌ನಲ್ಲಿ ಶನಿವಾರ ಬೆಳಿಗ್ಗೆ ನಿಂತರೆ ಕೊಡಗಿನ ಕಡೆ ಹೊರಟ ಕಾರುಗಳ ಸಾಲೇ ಕಾಣುತ್ತದೆ. ಟರ್ಬೊ ಪೆಟ್ರೋಲ್ ಕಾರುಗಳೂ ಈಗ ಅದರಲ್ಲಿ ಕಡಿಮೆಯೇನಿಲ್ಲ. ಟ್ಯೂನ್ ಮಾಡಿಸಿ ಬೂಸ್ಟ್ ಏರಿಸಿಕೊಂಡವರು ಎಕ್ಸಾಸ್ಟ್, ಏರ್ ಫಿಲ್ಟರ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಟ್ಯಾಪೆಟ್ ಕವರಿನಿಂದ ಹೊರಡುವ ಹೆಬ್ಬೆರಳು ಗಾತ್ರದ ಬ್ರೀದರ್ ಪೈಪಿನ ಸುದ್ದಿ ಎತ್ತುವವರು ಅಪರೂಪ. ಶಕ್ತಿ ಹೆಚ್ಚಿಸಿದ ಎಂಜಿನ್ ಬಾಳಿಕೆ ಬರಬೇಕಾದರೆ ಮೊದಲು ಗಮನ ಹರಿಸಬೇಕಾದ್ದು ಅಲ್ಲಿಗೇ.

ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲ ಒಂದಿಷ್ಟು ಸಂದಿಯಲ್ಲಿ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ಬ್ಯಾಕ್ ಕಂಪ್ರೆಷನ್. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕ್ಯಾಪ್ ತೆಗೆದು, ಹೊಗೆಯ ರಭಸ ನೋಡಿ ರಿಂಗಿನ ಸ್ಥಿತಿ ಅಂದಾಜು ಮಾಡುತ್ತಾರೆ. ಮೈಸೂರಿನ ಯಾದವಗಿರಿಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೆ ಈ ತಾಪತ್ರಯವಿರಲಿಲ್ಲ. ಆ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್ ಮಿಶ್ರಣವನ್ನು ಎಳೆದು ಮೇಲಕ್ಕೆ ದೂಡುವ ಪಂಪು. ಅದು ಬಿಗಿಯಾಗಿ ಮುಚ್ಚಿರಲೇಬೇಕು. ಫೋರ್ ಸ್ಟ್ರೋಕಿಗೆ ಉಸಿರು ಬಿಡಲು ದಾರಿ ಬೇಕು.

ಎಂಜಿನ್ ಐಡಲ್‌ನಲ್ಲಿದ್ದಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತ ಪಿಸಿವಿ ವಾಲ್ವ್ ಮೂಲಕ ಈ ಅನಿಲವನ್ನು ಎಳೆದು ಸುಟ್ಟುಬಿಡುತ್ತದೆ. ಬೂಸ್ಟ್ ಬಂದೊಡನೆ ಅಲ್ಲಿ ಒತ್ತಡ ತುಂಬಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ಹೊರೆಯೆಲ್ಲ ಟರ್ಬೊಗಿಂತ ಮೊದಲಿನ ಗಾಳಿಪೈಪಿಗೆ ಹೋಗುವ ಇನ್ನೊಂದು ಹೋಸಿನ ಮೇಲೆ. ಕಂಪನಿಯ ಕಿರಿದಾದ ನಿಪ್ಪಲ್ ಸಾಲದೆ ಹೋದರೆ ಒತ್ತಡ ಆಯಿಲ್ ಸೀಲುಗಳನ್ನು ತಳ್ಳುತ್ತದೆ, ಡಿಪ್‌ಸ್ಟಿಕ್ಕನ್ನೂ ಮೇಲೆಬ್ಬಿಸುತ್ತದೆ. ಜೊತೆಗೆ ಹೊರಡುವ ಆಯಿಲ್ ಆವಿ ಇಂಟರ್‌ಕೂಲರಿನೊಳಗೆ ಮೆತ್ತಿಕೊಳ್ಳುತ್ತದೆ, ಸಿಲಿಂಡರ್ ಸೇರಿದರೆ ನಾಕಿಂಗ್‌ಗೂ ದಾರಿ ಮಾಡುತ್ತದೆ.

ಹಿನಕಲ್‌ಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ ಹತ್ತಿರವೇ ಇರುವುದರಿಂದ ಈ ನಿಪ್ಪಲನ್ನು ದೊಡ್ಡದು ಮಾಡಿಸುವ ಲೇತ್ ಕೆಲಸಕ್ಕೆ ಬರವಿಲ್ಲ. ಟ್ಯಾಪೆಟ್ ಕವರನ್ನು ಬಿಚ್ಚಿ ತಂದೇ ಕೊರೆಯಬೇಕು; ಎಂಜಿನ್ ಮೇಲಿಟ್ಟು ಕೊರೆದರೆ ಲೋಹದ ಚೂರು ನೇರ ಕ್ಯಾಮ್‌ಶಾಫ್ಟಿಗೆ ಬೀಳುತ್ತದೆ. ತೂತು ದೊಡ್ಡದು ಮಾಡಿ, ಥ್ರೆಡ್ ಇರುವ ಅಲ್ಯುಮಿನಿಯಂ ತುಂಡನ್ನು ಟಿಗ್ ವೆಲ್ಡಿಂಗಿನಲ್ಲಿ ಕೂರಿಸುತ್ತಾರೆ. ಕವರಿನೊಳಗಿನ ತಡೆತಗಡು ಮಾತ್ರ ಉಳಿಯಲೇಬೇಕು, ಇಲ್ಲದಿದ್ದರೆ ಆವಿಯ ಬದಲು ಆಯಿಲೇ ಚಿಮ್ಮುತ್ತದೆ. ರೇಸ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಎಎನ್-10 ಫಿಟಿಂಗ್: ಇಂಚಿನ ಹದಿನಾರರಲ್ಲಿ ಹತ್ತು ಪಾಲು, ಅಂದರೆ ಸುಮಾರು 16 ಮಿ.ಮೀ. ಪೈಪಿಗೆ ಹೊಂದುವಂಥದ್ದು. ಅದರ 37 ಡಿಗ್ರಿ ಓರೆಮುಖಗಳು ಒಂದಕ್ಕೊಂದು ಕೂತು ಬಿಗಿಯುವುದರಿಂದ ಅಲ್ಲಿ ವಾಷರ್ ಬೇಕಿಲ್ಲ.

ಹೋಸಿನಲ್ಲಿ ಮೋಸ ಹೋಗುವವರೇ ಹೆಚ್ಚು. ಹೀಟರ್ ಪೈಪಿನ ಇಪಿಡಿಎಂ ರಬ್ಬರ್ ಆಯಿಲ್ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಕಣ್ಣಿಗೆ ಚೆಂದ ಕಾಣುವ ಸಾದಾ ಸಿಲಿಕೋನ್ ಪೈಪೂ ಆಯಿಲಿಗೆ ಬಹುಕಾಲ ತಡೆಯದು. ನೈಟ್ರೈಲ್ ಆಗಬೇಕು, ಟರ್ಬೊ ಬಿಸಿ ತಾಗುವಲ್ಲಿ ವೈಟಾನ್. ಪೈಪು ನಡುವೆ ಜೋತುಬಿದ್ದರೆ ಅಲ್ಲಿ ನೀರು, ಆಯಿಲ್ ನಿಂತು ದಾರಿ ಕಟ್ಟುತ್ತದೆ.

ಇನ್ನು ಬ್ರೀದರ್ ಹೋಸಿನ ದಾರಿಯಲ್ಲಿ ಕೂತು ಆಯಿಲ್ ಆವಿಯನ್ನು ಹಿಡಿದಿಡುವ ಕ್ಯಾಚ್ ಕ್ಯಾನ್. ಒಳಗೆ ಜಾಲರಿಯೋ ತಡೆತಗಡೋ ಇಲ್ಲದ್ದು ಬರೀ ಡಬ್ಬಿ. ಬ್ರೀದರನ್ನು ಹೊರಗಾಳಿಗೆ ಬಿಟ್ಟ ಸ್ಪರ್ಧಾ ಕಾರುಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ, 2000 ಸಿಸಿವರೆಗೆ 2 ಲೀಟರ್, ಅದಕ್ಕೂ ಮೇಲೆ 3 ಲೀಟರ್ ಹಿಡಿಯುವ ಕ್ಯಾನ್ ಇರಲೇಬೇಕೆನ್ನುತ್ತದೆ. ರಸ್ತೆಯ ಕಾರಿಗೆ ಈ ತೆರೆದ ವ್ಯವಸ್ಥೆ ಸಲ್ಲದು. ಪೈಪು ಕತ್ತರಿಸಿ ತುದಿಗೊಂದು ಪುಟ್ಟ ಫಿಲ್ಟರ್ ಸಿಕ್ಕಿಸಿದರೆ ವಾಸನೆ ಕ್ಯಾಬಿನ್ನಿಗೆ ಬರುತ್ತದೆ, ವಿಷಾನಿಲ ಬೀದಿಗೆ ಸೇರುತ್ತದೆ. ಬಿಎಸ್-6 ನಿಯಮವೂ ಅದನ್ನು ಒಪ್ಪುವುದಿಲ್ಲ. ಕ್ಯಾನಿನಿಂದ ಹೊರಟ ಹೋಸು ಇನ್‌ಟೇಕಿಗೇ ಮರಳಬೇಕು. ಮಳೆಗಾಲದಲ್ಲಿ, ಊರೊಳಗಿನ ಸಣ್ಣ ಓಡಾಟದಲ್ಲಿ, ಕ್ಯಾನಿನೊಳಗೆ ಆಯಿಲಿಗಿಂತ ನೀರಿನ ಮಾಸಲು ನೊರೆಯೇ ಹೆಚ್ಚು ಸೇರುತ್ತದೆ. ಮುಂದಿನ ಸರ್ವಿಸ್‌ವರೆಗೆ ಕಾಯದೆ ಅದನ್ನು ಬಸಿಯಬೇಕು.