ನಲ್ಲಿಯ ನಾಡಿ ಹಿಡಿದು

ದೀಪಾವಳಿಗೆ ಮುನ್ನ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆಯನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿ, ಮರುದಿನದ ಎಣ್ಣೆಸ್ನಾನಕ್ಕೆ ಸಿದ್ಧಮಾಡುವುದು ಪದ್ಧತಿ. ಬೇ ಏರಿಯಾದ ನಮ್ಮ ಮನೆಗಳಲ್ಲಿ ಹಂಡೆಯೂ ಇಲ್ಲ, ಬಾವಿಯೂ ಇಲ್ಲ. ಗ್ಯಾರೇಜಿನ ವಾಟರ್ ಹೀಟರೇ ಹಂಡೆ, ನಲ್ಲಿಯೇ ಬಾವಿ. ಹಾಗಾದರೆ ಈ ಹಬ್ಬದಲ್ಲಿ ನಾವು ವಿಚಾರಿಸಿಕೊಳ್ಳಬೇಕಾದ್ದು ನಲ್ಲಿಯನ್ನೇ ಅಲ್ಲವೇ?

ವೈದ್ಯನಿಗೇಕೆ ಕೊಳಾಯಿ ಕೆಲಸ ಎಂದು ನೀವು ಕೇಳಬಹುದು. ಊರಿನಲ್ಲಿ ನಲ್ಲಿ ಸೋರಿದರೆ ಪ್ಲಂಬರ್‌ಗೆ ಹೇಳಿ ಕಳಿಸಿದರಾಯಿತು. ಇಲ್ಲಿ ಪ್ಲಂಬರ್ ಬಂದು ಬಾಗಿಲು ತಟ್ಟುವುದಕ್ಕೇ ದುಡ್ಡು ತೆರಬೇಕು. ನಾನು ಈ ಕೆಲಸ ಕಲಿತದ್ದು ಮೊದಲು ಜೇಬಿನ ಚಿಂತೆಗೆ, ಆಮೇಲೆ ಮುಂದುವರಿಸಿದ್ದು ಸಂತೋಷಕ್ಕೆ. ನನ್ನ ವೃತ್ತಿಯ ಪಾಠವೇ ಇಲ್ಲಿಯೂ ಸಲ್ಲುತ್ತದೆ: ಮೊದಲು ರೋಗ ಎಲ್ಲಿದೆ ಎಂದು ತಿಳಿ, ಆಮೇಲೆ ಔಷಧಿ ಕೊಡು.

ಒಂದು ಹನಿಯ ಲೆಕ್ಕ

ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ವರ್ಷಕ್ಕೆ 3,000 ಗ್ಯಾಲನ್‌ಗೂ ಹೆಚ್ಚು ನೀರು ಪೋಲಾಗುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು 750 ಕೊಡ! ಬೀದಿ ನಲ್ಲಿಯ ಮುಂದೆ ಸಾಲಾಗಿ ಕೊಡ ಇಟ್ಟು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊಗೂ ಪೆನಿನ್ಸುಲಾದ ಅನೇಕ ಊರುಗಳಿಗೂ ಯೋಸೆಮಿಟಿಯ ಹೆಚ್ ಹೆಚಿ ಕಣಿವೆಯ ಹಿಮ ಕರಗಿದ ನೀರು 1934ರಿಂದ, 160 ಮೈಲಿಗೂ ಹೆಚ್ಚು ದೂರದಿಂದ ಹರಿದುಬರುತ್ತಿದೆ. ಹಿಮವೇ ಬೀಳದಿದ್ದರೆ? 2015ರ ಏಪ್ರಿಲ್‌ನಲ್ಲಿ ಗವರ್ನರ್ ಜೆರಿ ಬ್ರೌನ್ ಹಿಮವಿಲ್ಲದ ಸಿಯೆರಾ ಬೆಟ್ಟದ ಹುಲ್ಲಿನ ಮೇಲೆ ನಿಂತು, ನಗರಗಳ ನೀರಿನ ಬಳಕೆ ಶೇಕಡಾ 25ರಷ್ಟು ಇಳಿಯಬೇಕೆಂದು ಆಜ್ಞೆ ಹೊರಡಿಸಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಬಂಧುಗಳು ಟ್ಯಾಂಕರಿಗಾಗಿ ಕಾದದ್ದೂ ನೆನಪಿರಬಹುದು.

ಮೊದಲು ರಕ್ತಸ್ರಾವ ನಿಲ್ಲಿಸಿ

ನಿಮ್ಮ ಮನೆಗೆ ಬರುವ ನೀರನ್ನು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ? ಮನೆಯವರೆಲ್ಲರಿಗೂ ಇದು ಗೊತ್ತಿರಬೇಕು. ಇಲ್ಲಿನ ಬಹಳಷ್ಟು ಮನೆಗಳಲ್ಲಿ ಅದು ಮುಂಭಾಗದ ಹೊರಗೋಡೆಯಲ್ಲಿ, ತೋಟದ ನಲ್ಲಿಯ ಬಳಿ ಇರುತ್ತದೆ. ನೀವು ಆಫೀಸಿನಲ್ಲಿದ್ದಾಗ ಪೈಪ್ ಒಡೆದರೆ ಮನೆಯಲ್ಲಿರುವವರು ಮಕ್ಕಳೋ, ಊರಿನಿಂದ ಬಂದ ಅಪ್ಪ ಅಮ್ಮನೋ ಆಗಿರುತ್ತಾರೆ. ಅವರಿಗೂ ತೋರಿಸಿಕೊಡಿ. 1989ರ ಲೋಮಾ ಪ್ರಿಯೇಟಾ ಭೂಕಂಪ ಕಂಡ ಸೀಮೆ ಇದು.

ರೋಗನಿದಾನ

ನಲ್ಲಿಯ ಬಾಯಿಂದ ಹನಿ ಬೀಳುತ್ತಿದ್ದರೆ ದೋಷ ಒಳಗಿನ ವಾಲ್ವಿನದು. ಬಿಸಿಗೆ ಒಂದು, ತಣ್ಣಗಿನದಕ್ಕೆ ಒಂದು ಹಿಡಿ ಇರುವ ಹಳೆಯ ನಲ್ಲಿಯಾದರೆ ಹೆಚ್ಚಾಗಿ ರಬ್ಬರ್ ವಾಷರ್ ಸವೆದಿರುತ್ತದೆ. ಒಂದೇ ಹಿಡಿಯದಾದರೆ ಸಾಮಾನ್ಯವಾಗಿ ಕಾರ್ಟ್ರಿಜ್ ಬದಲಿಸಬೇಕು. ಸಿಂಕಿನ ಕೆಳಗಿನ ವಾಲ್ವ್‌ಗಳನ್ನು ಮುಚ್ಚಿ, ಸಿಂಕಿನ ತೂತಿಗೆ ಬಟ್ಟೆ ತುರುಕಿ ಬಿಚ್ಚಿರಿ. ಇಲ್ಲದಿದ್ದರೆ ಸಣ್ಣ ಸ್ಕ್ರೂ ಪಾತಾಳ ಸೇರುತ್ತದೆ. ಹಳೆಯ ಭಾಗವನ್ನೇ ಅಂಗಡಿಗೆ ಒಯ್ದು ಅದರ ಜೋಡಿ ತನ್ನಿ.

ನಲ್ಲಿಯ ಬುಡದಲ್ಲಿ ನೀರು ಒಸರಿದರೆ ಓ-ರಿಂಗ್ ನೋಡಿ. ನೀರು ಸಣ್ಣಗೆ, ಓರೆಯಾಗಿ ಬಂದರೆ ಬಾಯಲ್ಲಿರುವ ಜಾಲರಿ, ಅಂದರೆ ಏರೇಟರ್, ಕಟ್ಟಿಕೊಂಡಿದೆ. ಸ್ಯಾಂಟಾ ಕ್ಲಾರಾ ಕಣಿವೆಯ ಅಂತರ್ಜಲ ಗಡಸು. ಆ ನೀರು ಬರುವ ಕಡೆ ಬಿಳಿ ಪದರ ಬೇಗ ಕಟ್ಟುತ್ತದೆ. ಜಾಲರಿಯನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು.

ಸದ್ದಿಲ್ಲದ ಸೋರಿಕೆ ಟಾಯ್ಲೆಟ್ಟಿನದು. ಕೇಸರಿಬಾತಿಗೆ ತಂದ ಬಣ್ಣದ ನಾಲ್ಕು ಹನಿಯನ್ನು ಅದರ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡದೆ ಹತ್ತು ನಿಮಿಷ ಕಾಯಿರಿ. ಬಣ್ಣ ಕೆಳಗೆ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಬದಲಿಸಿ.

ಹೊಸ ನಲ್ಲಿ ಕೂರಿಸುವಾಗ

ಕೊಳ್ಳುವ ಮುಂಚೆ ಸಿಂಕಿನಲ್ಲಿ ಎಷ್ಟು ತೂತುಗಳಿವೆ, ಅವುಗಳ ನಡುವೆ ಎಷ್ಟು ಅಂತರವಿದೆ ನೋಡಿಕೊಳ್ಳಿ. ವಾಲ್ವ್ ಮುಚ್ಚಿ, ನಲ್ಲಿ ತಿರುಗಿಸಿ ಉಳಿದ ನೀರು ಬಿಡಿ. ಕೆಳಗೊಂದು ಬಕೆಟ್ ಇಟ್ಟು ಹಳೆಯ ಪೈಪುಗಳನ್ನು ಬಿಚ್ಚಿ. ಸಿಂಕಿನ ಹಿಂದೆ ಮೂಲೆಯಲ್ಲಿ ಅಡಗಿರುವ ನಟ್ಟಿಗೆ ಸಾಮಾನ್ಯ ಸ್ಪ್ಯಾನರ್ ಎಟುಕದು; ಅದಕ್ಕೆಂದೇ ಉದ್ದ ಕೈಯ ಬೇಸಿನ್ ರೆಂಚ್ ಸಿಗುತ್ತದೆ. ಹೊಸ ನಲ್ಲಿ ನೆಟ್ಟಗಿದೆಯೇ ಎಂದು ಮನೆಯವರು ಮೇಲಿನಿಂದ ನೋಡಿ ಹೇಳಲಿ, ನೀವು ಕೆಳಗಿನಿಂದ ಬಿಗಿ ಮಾಡಿ. ಹಳೆಯ ಪೈಪುಗಳನ್ನು ಮತ್ತೆ ಹಾಕದೆ ಸ್ಟೀಲ್ ಹೆಣಿಗೆಯ ಹೊಸ ಪೈಪು ತನ್ನಿ. ಇವುಗಳ ತುದಿಯಲ್ಲಿ ರಬ್ಬರ್ ಇರುವುದರಿಂದ ಟೆಫ್ಲಾನ್ ಟೇಪ್ ಬೇಕಿಲ್ಲ. ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಇನ್ನು ಕಾಲು ಸುತ್ತು ಸಾಕು. ಅತಿ ಬಿಗಿಯೂ ಸೋರಿಕೆಗೆ ದಾರಿ. ಜಾಲರಿ ತೆಗೆದು ಒಂದು ನಿಮಿಷ ನೀರು ಬಿಟ್ಟು ಕಸ ಹೊರಹಾಕಿ. ಕೊನೆಗೆ ಪ್ರತಿ ಜೋಡಣೆಯನ್ನೂ ಒಣ ಟಿಶ್ಯೂ ಕಾಗದದಿಂದ ಒರೆಸಿ. ಕಾಗದ ಒದ್ದೆಯಾಗದಿದ್ದರೆ ಶಸ್ತ್ರಚಿಕಿತ್ಸೆ ಯಶಸ್ವಿ!

ವೈದ್ಯನಾಗಿ ಒಂದು ಮಾತು. 2010ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಕುಡಿಯುವ ನೀರಿನ ನಲ್ಲಿಗಳಲ್ಲಿ, ನೀರು ತಾಗುವ ಭಾಗದ ಸೀಸ ಸರಾಸರಿ ಶೇಕಡಾ 0.25 ಮೀರುವಂತಿಲ್ಲ. ಸೀಸ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು. ಊರಿನಿಂದ ಪ್ರೀತಿಯಿಂದ ತಂದ ಹಿತ್ತಾಳೆ ನಲ್ಲಿ ಷೋಕೇಸಿನಲ್ಲಿ ಹೊಳೆಯಲಿ, ಅಡುಗೆಮನೆಯಲ್ಲಿ ಬೇಡ.

ತಜ್ಞರಿಗೆ ಬಿಡಬೇಕಾದ್ದು

ತುಕ್ಕು ಹಿಡಿದ ಕಬ್ಬಿಣದ ಪೈಪು, ತಿರುಗದ ವಾಲ್ವ್, ಗೋಡೆಯೊಳಗಿನ ತೇವ, ಇವುಗಳಿಗೆ ಕೈಹಾಕಬೇಡಿ. ಸಿ-36 ಲೈಸೆನ್ಸ್ ಇರುವ ಪ್ಲಂಬರನ್ನೇ ಕರೆಸಿ. ತನ್ನ ಮಿತಿ ಬಲ್ಲವನೇ ಒಳ್ಳೆಯ ವೈದ್ಯ.

ಇನ್ನು, ಈ ಕೆಲಸಕ್ಕೆ ಕೂರುವಾಗ ಮಕ್ಕಳ ಕೈಗೆ ಟಾರ್ಚ್ ಕೊಡಿ. ನಲ್ಲಿ ತಿರುಗಿಸಿದೊಡನೆ ನೀರು ಬರುವುದನ್ನಷ್ಟೇ ಕಂಡವರು ಅವರು. ಅದರ ಹಿಂದಿರುವ ಬೆಟ್ಟ, ಪೈಪು, ಬೆವರು ಎಲ್ಲವನ್ನೂ ಹೇಳಲು ಸಿಂಕಿನ ಕೆಳಗಿನ ಆ ಕತ್ತಲೆಗಿಂತ ಒಳ್ಳೆಯ ಪಾಠಶಾಲೆ ಸಿಗದು. ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.