ಎಂಟನೇ ಕ್ಲಾಸಿಗೆ ಸೈಕಲ್ ಯಾಕೆ ಬೇಕು?

ನಮ್ಮ ರಾಜ್ಯದ ಎಷ್ಟೋ ಹಳ್ಳಿ ಶಾಲೆಗಳು ಏಳನೇ ಕ್ಲಾಸಿಗೇ ಮುಗಿಯುತ್ತವೆ. ಎಂಟಕ್ಕೆ ಪಕ್ಕದೂರಿನ ಹೈಸ್ಕೂಲೇ ಗತಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಕಾಲದಲ್ಲಿ ಅದು ನಿಂತಿತು.

'ಈಗ ಹೆಣ್ಮಕ್ಕಳಿಗೆ ಬಸ್ಸೇ ಫ್ರೀ ಅಲ್ವಾ?' ಅಂತೀರಿ. ಸರಿ, ಬಸ್ಸು ಪಾಠಕ್ಕೆ ತಲುಪಿಸುತ್ತದೆ. ಆದರೆ ಖೋಖೋ ಪ್ರಾಕ್ಟೀಸು, ಪ್ರತಿಭಾ ಕಾರಂಜಿಯ ತಯಾರಿ ಹೆಚ್ಚಾಗಿ ನಡೆಯೋದು ಕೊನೇ ಬೆಲ್ ಹೊಡೆದ ಮೇಲೆ. ಸಂಜೆ ಇರೋದು ಒಂದೇ ಬಸ್ಸಾದರೆ ದೂರದ ಮಕ್ಕಳು ಸ್ಟಾಪಿಗೆ ಓಡಲೇಬೇಕು. ಕೊನೆಗೆ ತಂಡದಲ್ಲಿ ಉಳಿಯೋದು ಶಾಲೆ ಇರುವ ಊರಿನವರೇ.

ಹದಿಮೂರರ ಹುಡುಗಿಗೆ ಸೈಕಲ್ಲು ಕೊಡುವುದು ಮೈದಾನದಲ್ಲಿ ಇನ್ನೊಂದು ಗಂಟೆ. ಯೋಜನೆ ಮತ್ತೆ ಬರಬೇಕು ಅನ್ನೋದು ನನ್ನ ವಾದ. ಬರುವವರೆಗೆ ಅಭ್ಯಾಸವನ್ನು ಕೊನೇ ಪೀರಿಯಡ್ಡಿಗೇ ತರಬಹುದಲ್ಲ, ಮೇಷ್ಟ್ರೇ?